ತಪ್ಪಿದ್ದರೆ ತಿದ್ದು

ಬಸ್ ಡಿಪೋ, ಚಾಲಕರ ವಿಶ್ರಾಂತಿ ಕೋಣೆ
ಬುಧವಾರ, ಬೆಳಗಿನ ಪಾಳಿ ಮುಗಿದ ಮೇಲೆ

ಪ್ರೀತಿಯ ತಮ್ಮಾ, ನಮ್ಮ ಬಲ್ಬೂ,

ಹೇಗಿದ್ದೀಯೋ? ಊಟ ಸೇರುತ್ತಿದೆಯಾ? ಮಾತ್ರೆ ಬದಲಾಯಿಸಿದ ಮೇಲೆ ಕೈ ನಡುಕ ಕಡಿಮೆಯಾಗಿದೆ, ನಿದ್ದೆಯೂ ಪರವಾಗಿಲ್ಲ ಎಂದು ದಪ್ಪ ಕನ್ನಡಕದ ನರ್ಸಮ್ಮ ಫೋನಿನಲ್ಲಿ ಹೇಳಿದರು. ಕೇಳಿ ಜೀವಕ್ಕೆ ಎಷ್ಟು ಸಮಾಧಾನವಾಯಿತು ಗೊತ್ತಾ! ಕೂದಲು ಕತ್ತರಿಸಲು ಮಾತ್ರ ಯಾರನ್ನೂ ಹತ್ತಿರ ಬಿಡುವುದಿಲ್ಲವಂತೆ. ಬಿಡಬೇಡ. ಅಮ್ಮನ ಕತ್ತರಿ ಇನ್ನೂ ಹಾಗೇ ಇದೆ, ಅಮ್ಮನೂ ಹಾಗೇ ಇದ್ದಾಳೆ. ಮಂಡಿನೋವು ಒಂದನ್ನು ಬಿಟ್ಟರೆ ಕೈ, ಕಣ್ಣು, ಬಾಯಿ ಎಲ್ಲ ಚುರುಕು, ಬಾಯಂತೂ ಮೊದಲಿಗಿಂತ ಚುರುಕು. ನಿಮ್ಮ ವಾರ್ಡಿನ ಮೆಟ್ಟಿಲ ಕೆಳಗೆ ಬೆಕ್ಕೊಂದು ಮರಿ ಹಾಕಿದೆ ಎಂದೂ ನರ್ಸಮ್ಮ ಹೇಳಿದರು. ಅಯ್ಯೋ ಪಾಪ, ಹುಟ್ಟಿದಾಗಿನಿಂದ ನಿನಗೆ ಬೆಕ್ಕು ಕಂಡರೆ ಆಗದು, ಅದು ಹೇಗೆ ಸಹಿಸಿಕೊಂಡಿದ್ದೀಯೋ! ನನ್ನ ಬಗ್ಗೆ ಕೇಳಬೇಡ, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದೇನೆ. ಡಿಪೋದ ಆ ಹಳೆಯ ಬಸ್ಸಿಗೆ ಹಾರ್ನ್ ಕೆಟ್ಟು ತಿಂಗಳಾಯಿತು, ರಿಪೇರಿ ಮಾಡಿಸಿ ಎಂದರೆ ಮೆಕ್ಯಾನಿಕ್ಕು, ‘ನೀವಿರೋವಾಗ ಅದಕ್ಕೆ ಹಾರ್ನ್ ಯಾಕೆ ಹಾರ್ನಕ್ಕ, ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ ಕೂಗಿ ಸಾಕು’ ಅನ್ನುತ್ತಾನೆ.

(ನರ್ಸಮ್ಮಾ, ಈ ಕಾಗದ ಇವನಿಗೆ ಓದಿ ಹೇಳುವವರು ನೀವೇ ಎಂದು ಗೊತ್ತು. ನಿಮ್ಮ ಋಣ ದೊಡ್ಡದು. ಇನ್ನೊಂದು ಉಪಕಾರ ಮಾಡಿ: ಎದುರಿಗೆ ಕುರ್ಚಿ ಹಾಕಿಕೊಂಡು ಓದಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ, ಇಬ್ಬರ ಮುಖವೂ ಕಿಟಕಿಯ ಕಡೆಗಿರಲಿ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.)

ಈಗ ಸುದ್ದಿ. ಗೆದ್ದುಬಿಟ್ಟೆವು ಕಣೋ! ಆರೋಗ್ಯ ಇಲಾಖೆಯವರು ಒಪ್ಪಿದರು, ಸಹಿ ಬಿತ್ತು, ಕಟ್ಟಡದ ಕೀಲಿಕೈ ದೊಡ್ಡಮ್ಮನ ಸೊಂಟದಲ್ಲಿ ನೇತಾಡುತ್ತಿದೆ. ಮಾರುಕಟ್ಟೆಯ ಹಿಂದೆ ಅಂಚೆಯವರು ಕಾಗದ ವಿಂಗಡಿಸುತ್ತಿದ್ದ ಹಳೆಯ ಕಟ್ಟಡವಿತ್ತಲ್ಲ, ಅದು ಇನ್ನು ಮೇಲೆ ನಮ್ಮದು. ನಮ್ಮ ಜನರಲ್ಲಿ ಯಾರಿಗೆ ಮನಸ್ಸು ಕದಡಿದರೂ ಅಲ್ಲಿಗೆ ಬರಬಹುದು, ಬೇಕಾದಷ್ಟು ದಿನ ಇರಬಹುದು. ಅಲ್ಲಿ ಯಾವ ಡಾಕ್ಟರು ಇರಬೇಕು, ಬಾಗಿಲು ಹೇಗಿರಬೇಕು, ಮಾತು ಹೇಗೆ ನಡೆಯಬೇಕು, ಎಲ್ಲ ತೀರ್ಮಾನ ಮಾಡುವವರು ನಾವೇ. ಮೊದಲೆಲ್ಲ ಇಂಥ ಸಮಿತಿಗಳಲ್ಲಿ ನಮ್ಮವರೊಬ್ಬರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಫೋಟೊ ತೆಗೆದು, ಟೀ ಕೊಟ್ಟು ಕಳಿಸುತ್ತಿದ್ದರು. ಈ ಸಲ ಮೂಲನಿವಾಸಿಗಳ ಆರೋಗ್ಯಕ್ಕೆ ಮೂಲನಿವಾಸಿಗಳದ್ದೇ ನಾಯಕತ್ವ ಎಂದು ಅಚ್ಚಿನಲ್ಲಿ ಹಾಕಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಿದ್ದವರೇ ಈಗ ಗಿಡ ಕಿತ್ತು ತಂದು ಮುಂಬಾಗಿಲಲ್ಲಿ ನೆಟ್ಟಿದ್ದಾರೆ! ಆ ಸಮಿತಿಗೆ ಅಧ್ಯಕ್ಷೆ ಯಾರು ಹೇಳು? ನಿನ್ನ ಅಕ್ಕ. ಬಸ್ ಓಡಿಸುವ ಹಾರ್ನಕ್ಕ. ನಗಬೇಡ. ನಕ್ಕರೂ ಪರವಾಗಿಲ್ಲ, ಆದರೆ ಜೋರಾಗಿ ನಗು, ನರ್ಸಮ್ಮನಿಗೆ ಕೇಳಿಸಲಿ.

ನಾನು ಇಷ್ಟು ಕುಣಿದಾಡುತ್ತಿರುವುದು ಕುರ್ಚಿ ಸಿಕ್ಕಿತೆಂದಲ್ಲ. ನಿನ್ನನ್ನು ಅಷ್ಟು ದೂರದ ದೊಡ್ಡ ಆಸ್ಪತ್ರೆಗೆ ಕಳಿಸಿದ್ದು ಯಾಕೆ? ಇಲ್ಲಿ ನಿನ್ನನ್ನು ಇಟ್ಟುಕೊಳ್ಳುವ ಜಾಗ ಒಂದೂ ಇರಲಿಲ್ಲವೆಂದು. ಈಗ ಇದೆ. ಅಮ್ಮ ಮನೆಯಿಂದ ಹೊರಟು ನನ್ನ ಬಸ್ಸಿನಲ್ಲಿ ಕೂತರೆ ನಿನ್ನ ಹಾಸಿಗೆಯ ಹತ್ತಿರ ಇಳಿಯಬಹುದು. ನೀನು ವಾಪಸ್ ಬರಬಹುದು, ಬಲ್ಬೂ. ಅದಕ್ಕೆ ಒಂದೇ ಒಂದು ತೊಡಕಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಗೆದ್ದ ಕಥೆ ಕೇಳು, ಹೊಟ್ಟೆಯಲ್ಲಿಟ್ಟುಕೊಂಡರೆ ನಾನು ಒಡೆದು ಹೋಗುತ್ತೇನೆ.

ಎಲ್ಲ ಶುರುವಾದದ್ದು ಡಾಕ್ಟರಮ್ಮನಿಂದ. ಹೊಸಬರು, ಚಿಕ್ಕ ವಯಸ್ಸು, ಮನಸ್ಸಿನ ಕಾಯಿಲೆಯ ಡಾಕ್ಟರು. ದಿನಾ ನನ್ನ ಬಸ್ಸಿನಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದರು, ಚಾಲಕರ ಪಕ್ಕದ ಸೀಟಿನಲ್ಲಿ. ಒಂದು ದಿನ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಏನಮ್ಮಾ ಅಂದರೆ, ‘ನಿಮ್ಮ ಜನ ನನ್ನ ಹತ್ತಿರ ಮಾತೇ ಆಡಲ್ಲ. ಏನಾಗ್ತಿದೆ ಅಂತ ಕೇಳಿದ್ರೆ ಏನೂ ಇಲ್ಲ ಅಂತ ಎದ್ದು ಹೋಗ್ತಾರೆ’ ಎಂದರು. ನನಗೆ ನಗು ತಡೆಯಲಾಗಲಿಲ್ಲ. ಹೇಗೆ ಆಡುತ್ತಾರೆ ಪಾಪ! ಮೇಜಿನ ಆ ಕಡೆ ಅವರು, ಈ ಕಡೆ ಇವರು, ಮುಖಕ್ಕೆ ಮುಖ ಕೊಟ್ಟು, ನಿಮ್ಮ ಕಷ್ಟ ನೀವೇ ಹೇಳಿ ಅಂದರೆ? ನಮ್ಮಲ್ಲಿ ತನ್ನ ಸಂಕಟವನ್ನು ತಾನೇ ಹೇಳಿಕೊಂಡವರು ಯಾರಿದ್ದಾರೆ? ಅದು ನಾಚಿಕೆಗೇಡು. ನಮ್ಮ ಸಂಕಟವನ್ನು ನಮ್ಮನ್ನು ಬಲ್ಲವರು ಹೇಳಬೇಕು, ಪಕ್ಕದಲ್ಲಿ ಕೂತು, ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡು. ಹಾಗೆ ಹೇಳುವಾಗ ಅಲ್ಲಲ್ಲಿ ತಪ್ಪು ಹೇಳಬೇಕು. ಆಗ ನಾವು, ‘ಅದು ಹಾಗಲ್ಲ’ ಎಂದು ಬಾಯಿ ಬಿಡುತ್ತೇವೆ. ಒಂದು ಸಲ ಬಾಯಿ ಬಿಟ್ಟರೆ ಒಳಗಿದ್ದದ್ದೆಲ್ಲ ಒಂದರ ಹಿಂದೆ ಒಂದು ಬರುತ್ತದೆ. ಬೇಕಂತಲೇ ತಪ್ಪು ಹೇಳುತ್ತಿದ್ದಾರೆಂದು ಗೊತ್ತಿದ್ದರೂ ನಾಲಿಗೆ ನಿಲ್ಲುವುದಿಲ್ಲ, ಅದೇ ಇದರ ಮಜಾ. ಇದನ್ನೆಲ್ಲ ನಿನಗೆ ಹೇಳಬೇಕಾಗಿಲ್ಲ, ದೊಡ್ಡಮ್ಮನ ಜಗಲಿಯಲ್ಲಿ ಕೂತು ಇಬ್ಬರೂ ಕೇಳಿ ಬೆಳೆದವರೇ. ಆದರೆ ಸಿಗ್ನಲ್ ಕೆಂಪಿದ್ದಾಗಲೆಲ್ಲ ನಾನು ಡಾಕ್ಟರಮ್ಮನಿಗೆ ಈ ‘ಪಕ್ಕದ ಮಾತು’ ವಿವರಿಸಿದೆ. ಹಸಿರಾದರೂ ನಿಂತೇ ಇದ್ದೆನೆಂದು ಹಿಂದಿನವರೆಲ್ಲ ಬೈದರು. ಚಿಕ್ಕಂದಿನಲ್ಲಿ ನಾನು ನಿನಗೆ ಸೈಕಲ್ ಕಲಿಸಿದೆನಲ್ಲ, ಅಷ್ಟೇ ತಾಳ್ಮೆ ಬೇಕಾಯಿತು.

ಡಾಕ್ಟರಮ್ಮ ಹುಷಾರು. ಮರುದಿನವೇ ಮೇಜನ್ನು ಗೋಡೆಗೆ ತಳ್ಳಿ, ಮೂಲೆಯಂಗಡಿಯ ದರ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವನ ನೆನಪಿದೆಯಾ? ಹೆಂಡತಿ ತೀರಿಹೋದ ಮೇಲೆ ಕತ್ತರಿಯನ್ನೇ ಮುಟ್ಟದೆ ಕೂತಿದ್ದನಲ್ಲ. ಫೈಲು ಓದಿ ಬಾಯಿಪಾಠ ಮಾಡಿಕೊಂಡು, ಅವನ ಕಥೆಯನ್ನು ಒಂದು ಕೂದಲೆಳೆಯಷ್ಟೂ ತಪ್ಪದಂತೆ ಅವನಿಗೇ ಹೇಳಿದರಂತೆ. ದರ್ಜಿ ಎಲ್ಲದಕ್ಕೂ ಹೂಂ ಹೂಂ ಎಂದು ತಲೆ ಆಡಿಸಿ, ಕೈ ಮುಗಿದು ಎದ್ದು ಹೋದನಂತೆ! ಸಂಜೆ ಬಸ್ಸಿನಲ್ಲಿ ಅವರ ಮುಖ ನೋಡಬೇಕಿತ್ತು. ‘ಅಷ್ಟು ಸರಿಯಾಗಿ ಹೇಳಿದ್ರೆ ಅವನಿಗೇನು ಕೆಲಸ ಉಳೀತು ಡಾಕ್ಟರಮ್ಮ?’ ಎಂದೆ. ಅವರಿಗೆ ಸುಳ್ಳು ಹೇಳಲು ನಾಲಿಗೆಯೇ ಹೊರಳುವುದಿಲ್ಲ, ಒಳ್ಳೆ ಮನೆಯ ಹುಡುಗಿ. ಎರಡು ನಿಲ್ದಾಣ ದಾಟುವಷ್ಟರಲ್ಲಿ ನಾನೇ ಒಂದು ಸುಳ್ಳು ಕಲಿಸಿಕೊಟ್ಟೆ. ಮುಂದಿನ ಸಲ ದರ್ಜಿ ಬಂದಾಗ ಗಂಟಲು ಸರಿಮಾಡಿಕೊಂಡು, ‘ನೀವು ಹೊಲಿದ ಅಂಗಿ ಒಂದೇ ಒಗೆತಕ್ಕೆ ಬಿಚ್ಚಿಹೋಗುತ್ತಂತೆ, ನಿಮ್ಮ ಹೆಂಡತಿಯೇ ಹೇಳ್ತಿದ್ರಂತೆ’ ಅಂದರಂತೆ. ‘ಯಾವಳು ಹೇಳಿದ್ದು! ಅವಳು ಹಾಗನ್ನೋಳೇ ಅಲ್ಲ!’ ಎಂದು ಶುರುವಾದ ದರ್ಜಿ ಹೊರಗೆ ಸರದಿಯಲ್ಲಿದ್ದವರೆಲ್ಲ ಎದ್ದು ಮನೆಗೆ ಹೋಗುವವರೆಗೂ ಮಾತಾಡಿದ, ಅತ್ತ, ನಕ್ಕ. ಈಗ ನನ್ನ ಯೂನಿಫಾರಂ ಹೊಲಿದಿರುವವನು ಅವನೇ. ಒಗೆದೂ ಒಗೆದೂ ಬಣ್ಣ ಹೋಯಿತೇ ಹೊರತು ಒಂದು ಹೊಲಿಗೆ ಬಿಟ್ಟಿಲ್ಲ.

ಹಾಗೆಂದು ಡಾಕ್ಟರಮ್ಮ ನಾವು ಹೇಳಿದ್ದಕ್ಕೆಲ್ಲ ಗೋಣು ಆಡಿಸುವವರಲ್ಲ. ಪಕ್ಕದ ಮಾತು ಇದ್ದರೆ ಮಾತ್ರೆ ಯಾಕೆ ಎಂದು ದೊಡ್ಡಮ್ಮ ಕ್ಯಾತೆ ತೆಗೆದಾಗ ಸೆರಗು ಬಿಗಿದು ಜಗಳಕ್ಕೇ ನಿಂತರು. ‘ಮಾತು ಬಾಗಿಲು ತೆಗೆಯುತ್ತೆ ದೊಡ್ಡಮ್ಮ, ಆದರೆ ಕೆಲವರಿಗೆ ಬಾಗಿಲ ತನಕ ನಡೆಯೋ ಶಕ್ತಿನೇ ಇರಲ್ಲ, ಅದಕ್ಕೆ ಮಾತ್ರೆ ಬೇಕು’ ಎಂದರು. ದೊಡ್ಡಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೆಯ ದಿನ ಒಪ್ಪಿದಳು. ಅದಕ್ಕೇ ಹೇಳುತ್ತಿದ್ದೇನೆ, ನೀನೂ ಮಾತ್ರೆ ತಪ್ಪಿಸಬೇಡ, ನಾಲಿಗೆ ಕೆಳಗೆ ಬಚ್ಚಿಡಬೇಡ.

ಇನ್ನು ಅಹವಾಲು ಸಭೆಯ ಕಥೆ. ಡಾಕ್ಟರಮ್ಮನೂ ನಾವೂ ಸೇರಿ ಕೇಳಿದ್ದ ಕಟ್ಟಡ ಕೊಡಬೇಕೋ ಬೇಡವೋ ಎಂದು ನಿರ್ಧರಿಸಲು ಇಲಾಖೆಯ ಕಾರ್ಯದರ್ಶಿ ಸಾಹೇಬರೇ ಬಂದಿದ್ದರು. ಪುರಭವನ ತುಂಬಿ ತುಳುಕುತ್ತಿತ್ತು. ನಮ್ಮ ಜನ ಅಷ್ಟು ಮಂದಿ ಒಂದೇ ಸೂರಿನ ಕೆಳಗೆ ಸೇರಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ, ನೋಡಿಯೇ ಎದೆ ಉಬ್ಬಿತು. ವೇದಿಕೆಯ ಮೇಲೆ ಸಾಹೇಬರು, ಕೆಳಗೆ ಒಂದು ಮೈಕು. ಒಬ್ಬೊಬ್ಬರಾಗಿ ಬಂದು ಅವರವರ ಅನುಭವ ಅವರವರೇ ಹೇಳಬೇಕು ಎಂದು ಅಪ್ಪಣೆಯಾಯಿತು. ಆಯಿತಲ್ಲ ಎಡವಟ್ಟು! ಮೊದಲು ಹೋದ ಗಾರೆ ಮೇಸ್ತ್ರಿ ಮೈಕು ಹಿಡಿದು, ‘ನನಗೇನೂ ತೊಂದ್ರೆ ಇಲ್ಲ ಸ್ವಾಮಿ, ಆರಾಮಾಗಿದೀನಿ’ ಎಂದು ವಾಪಸ್ ಬಂದ. ನೆಲದ ಮೇಲೆ ದೃಷ್ಟಿ ನೆಟ್ಟು ವರ್ಷಗಟ್ಟಲೆ ಕೂತಿದ್ದ ಮನುಷ್ಯ ಅವನು! ಅವನ ಹಿಂದೆ ಹೋದ ಮೀನಿನಂಗಡಿಯವಳೂ ಆರಾಮ. ಅವಳ ಹಿಂದಿನವನೂ ಆರಾಮ. ಸಾಲಾಗಿ ಬಂದು, ಕೈ ಮುಗಿದು, ಆರಾಮ ಆರಾಮ ಎಂದು ಹೇಳಿ ಹೋಗುತ್ತಿದ್ದಾರೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ‘ಎಲ್ಲರೂ ಆರಾಮಾಗಿದ್ದೀರಿ ಅಂದ ಮೇಲೆ ಕಟ್ಟಡ ಯಾಕಮ್ಮ ಬೇಕು?’ ಎಂದರು. ಅವರದೇನು ತಪ್ಪು, ಅವರಿಗೆ ಕಂಡದ್ದು ಅಷ್ಟೇ.

ನನ್ನ ಪಕ್ಕದಲ್ಲಿ ಕೂತಿದ್ದ ಡಾಕ್ಟರಮ್ಮ ತೊಡೆ ಚಿವುಟಿದರು. ನಾನು ಎದ್ದೆ. ಡಿಪೋದವರೆಲ್ಲ, ‘ಹಾರ್ನಕ್ಕ ಬಂದಳು, ಇನ್ನು ಗೆದ್ದ ಹಾಗೇ’ ಎಂದು ಚಪ್ಪಾಳೆ ತಟ್ಟಿದರು. ನಾನು ಅಂಥವಳೇ ತಾನೇ? ಕೆರೆಯಲ್ಲಿ ಈಜುವಾಗಲೂ ಯಾವಾಗಲೂ ನಿನ್ನನ್ನು ಹಿಂದೆ ಹಾಕಿ ಆಚೆ ದಡದಿಂದ ಕೂಗಿ ಅಣಕಿಸುತ್ತಿದ್ದವಳು. ಮೈಕಿನ ಮುಂದೆ ನಿಂತೆ. ನಿನ್ನ ಬಗ್ಗೆ ಹೇಳಬೇಕು, ನಿನ್ನ ಭಾವನ ಬಗ್ಗೆ ಹೇಳಬೇಕು. ಬಾಯಿ ತೆರೆದೆ. ಇಡೀ ಊರಿಗೆ ಕೇಳುವಂತೆ ಕೂಗುವ ನನ್ನ ಗಂಟಲಿನಿಂದ ಹೊರಗೆ ಬಂದದ್ದು ಏನು ಗೊತ್ತಾ? ‘ನಾನೂ ಆರಾಮಾಗಿದೀನಿ ಸರ್.’ ಅಯ್ಯೋ ನನ್ನ ಕರ್ಮವೇ! ಅಲ್ಲೇ ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

ಆಗ ದೊಡ್ಡಮ್ಮ ಎದ್ದಳು. ಯಾರನ್ನೂ ಕೇಳಲಿಲ್ಲ. ಕೋಲೂರಿಕೊಂಡು ಬಂದು ನನ್ನ ಪಕ್ಕ ನಿಂತಳು, ಸಾಹೇಬರಿಗೆ ಬೆನ್ನು ಕೊಟ್ಟು, ನನ್ನನ್ನೂ ಹಿಡಿದು ಅದೇ ಕಡೆ ತಿರುಗಿಸಿದಳು. ಕೈಯಲ್ಲಿದ್ದ ನೂಲಿನ ಉಂಡೆಯ ಒಂದು ತುದಿ ನನಗೆ ಕೊಟ್ಟು ಸುತ್ತತೊಡಗಿದಳು. ಆಮೇಲೆ ಸುಮ್ಮನೆ ಹವಾಮಾನದ ಮಾತಾಡುವವಳ ಹಾಗೆ, ‘ಇವಳ ಗಂಡ ಲೈನ್‌ಮನ್. ಕುಡಿದು ಕಂಬ ಹತ್ತಿ ಬಿದ್ದು ಸತ್ತ. ಇವಳ ತಮ್ಮನೂ ಲೈನ್‌ಮನ್ನೇ, ಕೆಳಗೆ ನಿಂತು ನೋಡ್ತಾ ನಕ್ಕ’ ಎಂದಳು.

ತಮ್ಮಾ, ನನಗೆ ರಕ್ತ ಕುದಿಯಿತು. ಪಕ್ಕದ ಮಾತು ಎಂದು ಗೊತ್ತು, ಬೇಕಂತಲೇ ಹೇಳುತ್ತಿದ್ದಾಳೆ ಎಂದು ಗೊತ್ತು. ಆದರೂ ನಕ್ಕ ಅಂದಳಲ್ಲ! ‘ಸುಳ್ಳು!’ ಎಂದು ಕಿರುಚಿದೆ, ಮೈಕು ಬೇಕಾಗಲಿಲ್ಲ. ನನ್ನ ಗಂಡ ಒಂದು ತೊಟ್ಟೂ ಮುಟ್ಟಿದವರಲ್ಲ ಎಂದೆ. ಅವರು ಹತ್ತುವ ಮೊದಲು ನನ್ನ ತಮ್ಮ ಕೈಯಾರೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ ಎಂದೆ. ಎಲ್ಲಿಂದಾದರೂ ಕರೆಂಟು ನುಗ್ಗಿದರೆ ಭೂಮಿಗೆ ಇಳಿದುಹೋಗಲಿ, ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿ ಕೊಡಿ ಎಂದು ಇಬ್ಬರೂ ಮೇಲಿನವರನ್ನು ಕೇಳಿ ಕೇಳಿ ಸಾಕಾಗಿದ್ದರು, ಕೊಟ್ಟಿರಲಿಲ್ಲ ಎಂದೆ. ಪಕ್ಕದ ಬೀದಿಯಲ್ಲಿ ಯಾವುದೋ ಅಂಗಡಿಯವನು ಜನರೇಟರ್ ಹಾಕಿದ, ಅದರ ಕರೆಂಟು ಹಿಂದಿನಿಂದ ತಂತಿಗೆ ನುಗ್ಗಿತು, ಅದು ದೇವರಿಗೂ ಗೊತ್ತಾಗುವ ಹಾಗಿರಲಿಲ್ಲ, ನನ್ನ ತಮ್ಮನಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. ಅವನು ಓಡಿಹೋಗಿ ಬಿದಿರಿನ ಏಣಿಯಿಂದ ತಂತಿ ತಳ್ಳಿದ, ಭಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬುಲೆನ್ಸ್ ಬರುವವರೆಗೂ ಹೆಸರು ಹಿಡಿದು ಕೂಗುತ್ತಿದ್ದ. ಜೇಬಿನಿಂದ ಯಾವಾಗ ತೆಗೆದನೋ, ಆಸ್ಪತ್ರೆಯಲ್ಲಿ ಅವನ ಮುಷ್ಟಿ ಬಿಡಿಸಿದರೆ ಒಳಗೆ ಆ ಫ್ಯೂಸ್ ಇತ್ತು. ಮೇಜಿನ ಆ ಕಡೆ ಕೂತವರು ಏನಾಯಿತು ಹೇಳು, ಏನಾಯಿತು ಹೇಳು ಎಂದು ಕೇಳಿದರು, ಅವನ ಪಕ್ಕ ಯಾರೂ ಕೂರಲಿಲ್ಲ. ಸಹಕರಿಸುವುದಿಲ್ಲ ಎಂದು ಬರೆದರು, ದೂರ ಕಳಿಸಿದರು. ಅವತ್ತಿನಿಂದ ಅವನು ಯಾರ ಹತ್ತಿರವೂ ಒಂದು ಮಾತೂ ಆಡಿಲ್ಲ. ಅವನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ, ಎಳ್ಳಷ್ಟೂ ಇಲ್ಲ ಎಂದು ಎಷ್ಟು ಸಲ ಹೇಳಿದೆನೋ. ನೂಲಿನ ತುದಿ ಹಿಡಿದುಕೊಂಡೇ ಅಳುತ್ತಿದ್ದೆ. ಬಾಯಿ ಬಿಟ್ಟು ಇದನ್ನು ಹೇಳಿದ್ದು ಅದೇ ಮೊದಲು. ನಿನಗೂ ಹೇಳಿರಲಿಲ್ಲ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಎಂಬುದು ನಿನಗೆ ಗೊತ್ತೇ ಇರುತ್ತದೆ, ಅದನ್ನೂ ಹೇಳಬೇಕೇ ಎಂದುಕೊಂಡಿದ್ದೆ.

ದೊಡ್ಡಮ್ಮ ನೂಲು ಸುತ್ತುವುದನ್ನು ಮುಗಿಸಿ, ಸಾಹೇಬರ ಕಡೆ ಓರೆಗಣ್ಣು ಬಿಟ್ಟು, ‘ಪಾಪ, ಇವರಿಗೆ ಇದೆಲ್ಲ ಎಲ್ಲಿ ತಿಳಿಯುತ್ತೆ. ಇವರ ಮನೇಲಿ ಯಾರಿಗೂ ಯಾವತ್ತೂ ಮನಸ್ಸು ಕೆಟ್ಟಿಲ್ಲ’ ಎಂದಳು. ಸಾಹೇಬರು ತಟ್ಟನೆ, ‘ಹಾಗೇನಿಲ್ಲಮ್ಮ, ನಮ್ಮಣ್ಣ...’ ಎಂದು ಶುರುಮಾಡಿ ನಿಲ್ಲಿಸಿದರು. ನೀರು ಕುಡಿದರು. ಆಮೇಲೆ ವೇದಿಕೆಯಿಂದ ಇಳಿದು ಬಂದು ನಮ್ಮವರ ಬೆಂಚಿನ ತುದಿಯಲ್ಲಿ, ಅವರೆಲ್ಲರ ಹಾಗೇ ಖಾಲಿ ವೇದಿಕೆಯ ಕಡೆ ಮುಖ ಮಾಡಿಕೊಂಡು ಕೂತರು. ‘ಮುಂದಿನವರದ್ದು ಯಾರು ಹೇಳ್ತೀರಿ?’ ಎಂದು ಕೇಳಿದರು ನೋಡು! ಅಲ್ಲಿಂದ ಶುರುವಾಯಿತು ಜಾತ್ರೆ. ಗಾರೆ ಮೇಸ್ತ್ರಿಯ ಕಥೆಯನ್ನು ಮೀನಿನಂಗಡಿಯವಳು ಹೇಳಿದಳು, ಅವಳದನ್ನು ಇನ್ನೊಬ್ಬರು. ಒಬ್ಬರು ಸುಳ್ಳು ಬಿಡುವುದು, ಇನ್ನೊಬ್ಬರು ಎದ್ದು ನಿಂತು ಕೈ ಬೀಸಿ ತಿದ್ದುವುದು. ಅಳುವುದರ ಮಧ್ಯೆ ಹೊಟ್ಟೆ ಹುಣ್ಣಾಗುವಷ್ಟು ನಗು. ಬರೆದುಕೊಳ್ಳಲು ಕೂತಿದ್ದ ಗುಮಾಸ್ತ ಕಂಗಾಲಾಗಿ, ‘ನಾನು ಸುಳ್ಳು ಬರೀಲೋ ನಿಜ ಬರೀಲೋ?’ ಎಂದು ಕೇಳಿದ. ‘ಎರಡೂ ಬರಿ, ಒಂದಿಲ್ಲದೆ ಇನ್ನೊಂದು ಹೊರಗೆ ಬರಲ್ಲ’ ಎಂದಳು ದೊಡ್ಡಮ್ಮ. ಅಷ್ಟೂ ಬರೆದುಕೊಂಡು ಹೋದರು. ಮುಂದಿನ ವಾರವೇ ಕೀಲಿಕೈ ಬಂತು!

ಈಗ ಕಟ್ಟಡ ನೋಡಬೇಕು ನೀನು. ಇಲಾಖೆಯ ನಕ್ಷೆಯಲ್ಲಿ ದುಂಡು ಮೇಜು, ಸುತ್ತ ಕುರ್ಚಿ ಎಂದಿತ್ತು. ಬಡಗಿ ಮಾಡಿಯೂ ಬಿಟ್ಟಿದ್ದ. ಅಧ್ಯಕ್ಷೆಯಾಗಿ ನಾನು ಮಾಡಿದ ಮೊದಲ ಕೆಲಸ ಅದನ್ನು ಗರಗಸಕ್ಕೆ ಕೊಟ್ಟದ್ದು. ಈಗ ಉದ್ದಕ್ಕೆ ಬೆಂಚು, ಎಲ್ಲ ಕಿಟಕಿಯ ಕಡೆ ಮುಖ. ಕಿಟಕಿಯಾಚೆ ರಸ್ತೆ, ರಸ್ತೆಯಲ್ಲಿ ನನ್ನ ಬಸ್ಸು. ಯಾವ ಬಾಗಿಲಿಗೂ ಹೊರಗಿನಿಂದ ಚಿಲಕವಿಲ್ಲ. ಇದ್ದವನ್ನೆಲ್ಲ ಅಮ್ಮ ಎದುರಿಗೆ ನಿಂತು ಬಿಚ್ಚಿಸಿದಳು, ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಗೆ ತುಂಬಿ ಮನೆಗೆ ತಂದಿಟ್ಟಿದ್ದಾಳೆ, ಮತ್ತೆ ಯಾರೂ ಹಾಕಬಾರದಂತೆ. ಅಂಚೆಯವರು ಕಾಗದ ಹಾಕುತ್ತಿದ್ದ ಗೂಡುಗಳು ಗೋಡೆ ತುಂಬ ಹಾಗೇ ಇವೆ. ಕೈಗೆ ಕೆಲಸ ಬೇಕಲ್ಲ, ಒಂದೊಂದು ಗೂಡಿನಲ್ಲಿ ಒಂದೊಂದು: ನೂಲು, ಗುಂಡಿ, ಸಿಕ್ಕುಬಿದ್ದ ಬಲೆ. ಕಿಟಕಿಯ ಪಕ್ಕದ ಗೂಡಿನಲ್ಲಿ ಹಳೆಯ ವೈರಿನ ಗಂಟು ಹಾಕಿಟ್ಟಿದ್ದೇನೆ, ಯಾರೂ ಮುಟ್ಟಬಾರದು ಎಂದು ಹೇಳಿದ್ದೇನೆ. ಅದನ್ನು ಬಿಡಿಸುವ ಕೈ ಒಂದೇ. ಇಸ್ಪೀಟಿನ ಕಟ್ಟೂ ಇದೆ, ನಿನ್ನ ಭಾವನದು, ಅಂಚು ಸವೆದದ್ದು. ಅವರ ಎದುರು ನೀನು ಜನ್ಮದಲ್ಲಿ ಒಂದು ಆಟವನ್ನೂ ಗೆದ್ದವನಲ್ಲ, ಇಲ್ಲಿ ಬಂದು ಆಡು, ಇಲ್ಲಿಯವರೆಲ್ಲ ನಿನಗಿಂತ ಮೊದ್ದುಗಳು.

ಇನ್ನು ತೊಡಕಿನ ವಿಷಯ. ನಮ್ಮ ಈ ಹೊಸ ಮನೆಗೆ ಯಾರನ್ನು ಸೇರಿಸಿಕೊಳ್ಳಬೇಕು ಎಂಬ ನಿಯಮ ಬರೆಯುವಾಗ ನಾನೇ ಇಲಾಖೆಯವರ ಮುಂದೆ ಬೆಂಚು ಕುಟ್ಟಿದೆ. ನಮ್ಮ ಜನರನ್ನು ಇಷ್ಟು ಕಾಲ ಕೇಳದೆ ಗಾಡಿಗೆ ಹತ್ತಿಸಿದ್ದೀರಿ, ಕೇಳದೆ ಇಳಿಸಿದ್ದೀರಿ; ಇನ್ನು ಮೇಲೆ ಯಾರೂ ತಾವಾಗಿ ಬಾಯಿ ಬಿಟ್ಟು ಹೇಳದೆ ಎಲ್ಲಿಗೂ ಹೋಗುವಂತಿಲ್ಲ, ಎಲ್ಲಿಂದಲೂ ಬರುವಂತಿಲ್ಲ, ಅವರ ಪರವಾಗಿ ಅಪ್ಪ ಅಮ್ಮನೂ ಹೇಳುವಂತಿಲ್ಲ, ತಲೆ ಆಡಿಸಿದರೂ ಸಾಲದು ಎಂದೆ. ಎಲ್ಲರೂ ಭಲೇ ಎಂದರು. ನಿಯಮ ಅಚ್ಚಾಯಿತು. ಆಮೇಲೆ ಡಾಕ್ಟರಮ್ಮ ಮೆಲ್ಲಗೆ, ‘ಹಾರ್ನಕ್ಕ, ನಿಮ್ಮ ತಮ್ಮ?’ ಎಂದರು. ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ಡಾಕ್ಟರಮ್ಮ ನಿಮ್ಮ ಆಸ್ಪತ್ರೆಯವರಿಗೆ ಬರೆದು ಕೇಳಿದರು. ಅವನು ಹೌದಿಗೂ ತಲೆ ಆಡಿಸುತ್ತಾನೆ, ಅಲ್ಲಕ್ಕೂ ತಲೆ ಆಡಿಸುತ್ತಾನೆ, ಬರೆಯಲು ಪೆನ್ನು ಕೊಟ್ಟರೆ ಪಕ್ಕಕ್ಕಿಡುತ್ತಾನೆ ಎಂದು ಉತ್ತರ ಬಂತು. ಅಧ್ಯಕ್ಷೆಯ ತಮ್ಮನೆಂದು ನಿಯಮ ಸಡಿಲಿಸೋಣ ಎಂದು ಸಮಿತಿಯಲ್ಲಿ ಒಬ್ಬಿಬ್ಬರು ಹೇಳಿದರು. ನಾನು ಬೇಡವೆಂದೆ. ಅಮ್ಮ ಎರಡು ಹೊತ್ತು ನನ್ನೊಡನೆ ಮಾತು ಬಿಟ್ಟಿದ್ದಳು, ಆಮೇಲೆ ಅವಳೂ, ‘ನೀನು ಮಾಡಿದ್ದೇ ಸರಿ, ಅವನನ್ನ ಮತ್ತೊಮ್ಮೆ ಕೇಳದೆ ಎತ್ತಿಕೊಂಡು ಬರೋದು ಬೇಡ’ ಎಂದಳು. ನಿನಗೆ ಅಲ್ಲೇ ಇರಬೇಕೆನಿಸಿದರೆ ಅಲ್ಲೇ ಇರು, ನಾನೇ ಬಂದು ನೋಡುತ್ತೇನೆ. ಬರಬೇಕೆನಿಸಿದರೆ ಮಾತ್ರ ಒಂದು ಮಾತು ನಿನ್ನ ಬಾಯಿಂದಲೇ ಬರಬೇಕು, ಬಲ್ಬೂ. ನರ್ಸಮ್ಮನ ಕಿವಿಗೆ ಬಿದ್ದರೆ ಸಾಕು. ಸಣ್ಣಗೆ ಹೇಳಿದರೂ ಸಾಕು.

ಬರುವ ಸೋಮವಾರ ಬಾಗಿಲು ತೆರೆಯುತ್ತೇವೆ. ರಿಬ್ಬನ್ನು, ಭಾಷಣ ಏನೂ ಇಲ್ಲ. ದೊಡ್ಡಮ್ಮ ಹೋಗಿ ಮೊದಲ ಬೆಂಚಿನಲ್ಲಿ ಕೂರುತ್ತಾಳೆ, ಅಷ್ಟೇ. ಅಲ್ಲಿ ನಿನಗೆಂದು ಹಾಕಿಟ್ಟ ಹಾಸಿಗೆಯ ದೀಪದ ಸ್ವಿಚ್ಚು ಕೆಟ್ಟಿದೆ. ಸರಿಮಾಡಿಸೋಣ ಎಂದು ಬೇರೆ ಎಲೆಕ್ಟ್ರಿಷಿಯನ್ನನ್ನು ಕರೆತಂದರೆ ಅಮ್ಮ, ‘ಮನೆಯಲ್ಲಿ ಬಲ್ಬು ಇರೋವಾಗ ಹೊರಗಿನವನು ಯಾಕೆ’ ಎಂದು ಅವನನ್ನು ಟೀ ಕೊಟ್ಟು ವಾಪಸ್ ಕಳಿಸಿದಳು. ಸಂಜೆ ಹೊತ್ತು ಬೆಂಚಿನಲ್ಲಿ ಹಾಡುವವರೂ ಇರುತ್ತಾರೆ. ನೀನು ಬಂದರೆ ದಯವಿಟ್ಟು ಹಾಡಬೇಡ. ನಿನ್ನ ದನಿಗೆ ಬೀದಿನಾಯಿಗಳು ಊರು ಬಿಟ್ಟದ್ದು ನಮಗೆಲ್ಲ ನೆನಪಿದೆ.

ಅಮ್ಮ ಹೇಳಿ ಬರೆಸಿದ್ದು: ಹೊದ್ದು ಮಲಗು, ಕಿವಿಗೆ ಗಾಳಿ ಹೋಗಗೊಡಬೇಡ, ನಿನ್ನ ಆಯುಸ್ಸು ಗಟ್ಟಿಯಾಗಿರಲಿ, ನನ್ನ ಕಣ್ಣು ಮಂಜಾಗುವ ಮೊದಲು ನಿನ್ನ ಮುಖ ಕಾಣಲಿ. ದೊಡ್ಡಮ್ಮ ಕೀಲಿಕೈ ಅಲ್ಲಾಡಿಸಿ ತೋರಿಸಿದಳು, ಅದ್ಯಾವ ಆಶೀರ್ವಾದವೋ ನೀನೇ ತಿಳಿದುಕೋ. ಡಾಕ್ಟರಮ್ಮನ ನಮಸ್ಕಾರ. ನರ್ಸಮ್ಮನಿಗೆ ನನ್ನ ಎರಡು ಕೈ ಜೋಡಿಸಿ ನಮಸ್ಕಾರ. ನಿನ್ನ ತಲೆ ಸವರಿ, ಕಿವಿ ಹಿಂಡಿ,

ನಿನ್ನ ಅಕ್ಕ,
(ಊರಿಗೆಲ್ಲ) ಹಾರ್ನಕ್ಕ

ಮರೆತೇಬಿಟ್ಟಿದ್ದೆ, ಕಂಡಕ್ಟರು ಸೀಟಿ ಊದುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ: ಈ ಕಾಗದದಲ್ಲಿ ನಿನ್ನ ಬಗ್ಗೆ ಬೇಕಂತಲೇ ಸುಳ್ಳು ಬರೆದಿದ್ದೇನೆ. ಬೆಕ್ಕಿನದು, ಸೈಕಲ್ಲಿನದು, ಈಜಿನದು, ಇಸ್ಪೀಟಿನದು, ಹಾಡಿನದು. ಅಮ್ಮನಿಗೆ ಓದಿ ಹೇಳಿದರೆ, ‘ಅಯ್ಯೋ, ನನ್ನ ಮಗನ ಮಾನ ಕಳೆದೆಯಲ್ಲೇ’ ಎಂದು ಬೈದಳು. ನಿನಗೆ ಸಿಟ್ಟು ಬಂದಿದ್ದರೆ ಒಳ್ಳೆಯದೇ ಆಯಿತು. ನರ್ಸಮ್ಮ ಪಕ್ಕದಲ್ಲೇ ಇದ್ದಾರೆ, ‘ನಮ್ಮಕ್ಕ ಬರೆದದ್ದು ಸುಳ್ಳು, ನಾನೇ ಹೋಗಿ ತಿದ್ದುತ್ತೇನೆ’ ಎಂದುಬಿಡು. ಅಷ್ಟು ಹೇಳಿದರೆ ನಿಯಮಕ್ಕೆ ಸಾಲುತ್ತದಂತೆ, ಡಾಕ್ಟರಮ್ಮನನ್ನು ಕೇಳಿಕೊಂಡಿದ್ದೇನೆ. ಆದರೆ ಕಂಬದ ವಿಷಯ, ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಎಂದು ಬರೆದದ್ದು, ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಉಳಿದದ್ದೆಲ್ಲ ಬಂದು ತಿದ್ದು. ಅದೊಂದನ್ನು ತಿದ್ದಲು ಬಂದೆಯೋ, ನಿನ್ನ ಬಾಯಿ ಮುಚ್ಚಿಸುವವಳು ನಾನೇ.